ಪಡಿ ಕೊಟ್ಟರೆ ದೇವರು, ತಡವಾದರೆ ಧರಣಿ: ಈಜಿಪ್ಟಿನ ದೊರೆ ಮಾಡುತ್ತಿದ್ದ ಕೆಲಸ

2025ರ ಸೆಪ್ಟೆಂಬರ್‌ನಲ್ಲಿ ಕೈರೋದ ತಹ್ರೀರ್ ಚೌಕದ ಹಳೇ ಮ್ಯೂಸಿಯಂನಿಂದ ಒಂದು ಚಿನ್ನದ ಬಳೆ ಕಾಣೆಯಾಯಿತು. ಸುಮಾರು 3,000 ವರ್ಷಗಳ ಹಿಂದೆ ಆಳಿದ ಅಮೆನೆಮೋಪೆ ಎಂಬ ದೊರೆಯ ಬಳೆ. ಚಿನ್ನದ ಪಟ್ಟಿ, ಅದಕ್ಕೊಂದು ಕಡುನೀಲಿ ಮಣಿ, ಅಷ್ಟೇ. ರೋಮ್‌ನ ಪ್ರದರ್ಶನಕ್ಕೆ ಕಳಿಸಲು ಸಾಮಾನು ತಯಾರು ಮಾಡುತ್ತಿದ್ದಾಗ ಬಳೆ ಇಲ್ಲ ಅಂತ ಗೊತ್ತಾಯಿತು. ಹಳೆಯ ವಸ್ತುಗಳನ್ನು ಸರಿಪಡಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವರೇ ಎತ್ತಿಕೊಂಡು ಹೋಗಿದ್ದರು ಎಂದು ಅಲ್ಲಿನ ಸರ್ಕಾರ ಹೇಳಿತು. ಕೈಯಿಂದ ಕೈಗೆ ದಾಟಿದ ಬಳೆ 1,80,000 ಈಜಿಪ್ಷಿಯನ್ ಪೌಂಡಿಗೆ ಮಾರಾಟವಾಗಿತ್ತು. 4,000 ಡಾಲರ್ ಕೂಡ ಆಗಲಿಲ್ಲ. ಆಮೇಲೆ ಬೇರೆ ಒಡವೆಗಳ ಜೊತೆ ಕುಲುಮೆಗೆ ಬಿದ್ದು ಕರಗಿಹೋಯಿತು.

ಇದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ನವೆಂಬರ್ 1ರಂದು ಗೀಜಾದ ಪಿರಮಿಡ್‌ಗಳ ಪಕ್ಕದಲ್ಲಿ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಅದ್ದೂರಿಯಾಗಿ ಉದ್ಘಾಟನೆಯಾಯಿತು. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ನಿಲ್ಲುವುದು 11 ಮೀಟರ್ ಎತ್ತರದ, 83 ಟನ್ ತೂಕದ 2ನೇ ರಾಮ್ಸೆಸ್ ದೊರೆಯ ಕಲ್ಲಿನ ವಿಗ್ರಹ. ತುತಾಂಖಾಮುನ್ ದೊರೆಯ ಗೋರಿಯ 5,000ಕ್ಕೂ ಹೆಚ್ಚು ವಸ್ತುಗಳು ಮೊದಲ ಬಾರಿಗೆ ಒಂದೇ ಕಡೆ ಪ್ರದರ್ಶನಕ್ಕೆ ಬಂದವು. ಇದಕ್ಕೂ ಮೊದಲು, 2021ರ ಏಪ್ರಿಲ್ 3ರಂದು, 18 ದೊರೆಗಳು ಮತ್ತು 4 ರಾಣಿಯರ ಮಮ್ಮಿಗಳನ್ನು ಬಂಗಾರದ ಬಣ್ಣದ ಗಾಡಿಗಳಲ್ಲಿ ಮೆರವಣಿಗೆ ಮಾಡಿ ಕೈರೋದ ಇನ್ನೊಂದು ಮ್ಯೂಸಿಯಂಗೆ ಸಾಗಿಸಿದ್ದರು. 21 ತೋಪು ಹಾರಿಸಿ, ಅಧ್ಯಕ್ಷರೇ ಬಾಗಿಲಲ್ಲಿ ನಿಂತು ಬರಮಾಡಿಕೊಂಡರು.

ಅದೇ ದೇಶದಲ್ಲಿ ‘ಫಿರೌನ್’, ಅಂದರೆ ಫೇರೋ, ಈ ಹಳೆಯ ದೊರೆಗಳನ್ನು ಕರೆಯುವ ಹೆಸರು, ಬೈಗುಳ ಕೂಡ ಹೌದು. ಕುರಾನಿನಲ್ಲಿ ಬರುವ ಫಿರೌನ್ ಸೊಕ್ಕಿನ ದೊರೆ. 1981ರಲ್ಲಿ ಅಧ್ಯಕ್ಷ ಅನ್ವರ್ ಸಾದತ್‌ರನ್ನು ಗುಂಡಿಟ್ಟು ಕೊಂದವನು ‘ಫೇರೋನನ್ನು ಕೊಂದೆ’ ಅಂತ ಕೂಗಿದ್ದ. ಅದೇ ದೇಶದ ಫುಟ್‌ಬಾಲ್ ತಂಡದ ಅಡ್ಡಹೆಸರು ‘ಫೇರೋಗಳು’! ಒಂದೇ ಪದ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಶಾಪ.

ಮೆರವಣಿಗೆ, ಬೈಗುಳ ಎರಡನ್ನೂ ಪಕ್ಕಕ್ಕಿಟ್ಟು ಒಂದು ಸಾದಾ ಪ್ರಶ್ನೆ ಕೇಳೋಣ. ಈ ದೊರೆ ಬೆಳಗ್ಗೆ ಎದ್ದು ಮಾಡುತ್ತಿದ್ದ ಕೆಲಸ ಏನು? ಸುಮಾರು 3,000 ವರ್ಷ ಆ ಜನ ಒಬ್ಬ ದೊರೆ ಬೇಕೇ ಬೇಕು ಅಂದುಕೊಂಡಿದ್ದು ಯಾಕೆ? ಚಾಟಿ ಹಿಡಿದ ಮೇಸ್ತ್ರಿ, ಕಲ್ಲು ಎಳೆಯುವ ಗುಲಾಮರು, ಮೇಲೆ ಕಿರೀಟ ಹಾಕಿಕೊಂಡು ಕೂತ ದೇವರು: ನಮ್ಮ ಮನಸ್ಸಿನಲ್ಲಿರುವ ಚಿತ್ರ ಇದು. ನನಗೆ ಈ ಚಿತ್ರ ಅರ್ಧಂಬರ್ಧ ಅನ್ನಿಸುತ್ತದೆ. ಆ ದೊರೆತನದ ಬುಡ ಕಿರೀಟದಲ್ಲಿ ಇರಲಿಲ್ಲ, ಕಣಜದಲ್ಲಿತ್ತು. ಕಣಜ ತುಂಬಿರುವವರೆಗೆ ಅವನು ದೇವರು. ಖಾಲಿಯಾದಾಗ ಏನಾಯಿತು ಅನ್ನುವುದಕ್ಕೂ ದಾಖಲೆ ಉಳಿದಿದೆ.

ಒಬ್ಬನೇ ಪೂಜಾರಿ

ಮೊದಲು ಹೆಸರಿನ ವಿಷಯ. ‘ಫೇರೋ’ ಅನ್ನುವುದು ‘ಪೆರ್-ಆಅ’ದಿಂದ ಬಂತು. ಅಂದರೆ ‘ದೊಡ್ಡಮನೆ’. ಮೊದಮೊದಲು ಅದು ಅರಮನೆಯ ಹೆಸರು. ದೊರೆಯನ್ನೇ ಹಾಗೆ ಕರೆಯುವ ರೂಢಿ ಶುರುವಾಗಿದ್ದು ಕ್ರಿ.ಪೂ. 15ನೇ ಶತಮಾನದ ಆಸುಪಾಸು. ಪಿರಮಿಡ್ ಕಟ್ಟಿಸಿದ ಖುಫುವನ್ನು ಅವನ ಕಾಲದಲ್ಲಿ ಯಾರೂ ಫೇರೋ ಅಂದಿರಲಿಕ್ಕಿಲ್ಲ. ‘ದೊಡ್ಡಮನೆಯವರು’ ಅಂತ ನಮ್ಮ ಹಳ್ಳಿಗಳಲ್ಲೂ ಹೇಳುತ್ತಾರಲ್ವಾ, ಮನೆಯ ಹೆಸರೇ ಮನುಷ್ಯನ ಹೆಸರಾಗುವುದು, ಹಾಗೆ.

ದೊರೆಯ ಮೊದಲ ಕೆಲಸಕ್ಕೆ ಈಜಿಪ್ಟಿನವರು ಇಟ್ಟ ಹೆಸರು ‘ಮಆತ್’. ಸತ್ಯ, ನ್ಯಾಯ, ಕ್ರಮ, ಹೊತ್ತಿಗೆ ಸರಿಯಾಗಿ ಆಗಬೇಕಾದ್ದು ಆಗುವುದು, ಇದೆಲ್ಲ ಸೇರಿದ ಮಾತು ಅದು. ನಮ್ಮ ‘ಧರ್ಮ’ದ ಹಾಗೆ ಒಂದೇ ಅರ್ಥಕ್ಕೆ ಸಿಗುವುದಿಲ್ಲ. ಇದಕ್ಕೆ ಎದುರಾದದ್ದು ‘ಇಸ್ಫೆತ್’: ಅಡ್ಡಾದಿಡ್ಡಿ, ಗೊಂದಲ, ಅನ್ಯಾಯ. ದೊರೆ ಮಆತ್ ಕಾಯ್ದರೆ ದೇವರುಗಳಿಗೆ ಖುಷಿ. ದೇವರುಗಳು ಖುಷಿಯಾದರೆ ನೈಲ್ ನದಿ ಹದವಾಗಿ ಉಕ್ಕುತ್ತದೆ. ನದಿ ಹದವಾಗಿ ಉಕ್ಕಿದರೆ ಬೆಳೆ. ಬೆಳೆ ಬಂದರೆ ದೇವರಿಗೆ ನೈವೇದ್ಯ, ಜನಕ್ಕೆ ಊಟ. ಈ ಸರಪಳಿಯ ಒಂದೊಂದು ಕೊಂಡಿಯಲ್ಲೂ ದೊರೆಯ ಕೈ ಇದೆ.

ಕರ್ನಾಕ್, ಲಕ್ಸರ್, ಮೆದಿನೆತ್ ಹಬು, ಯಾವ ದೇವಸ್ಥಾನದ ಗೋಡೆ ನೋಡಿದರೂ ದೇವರಿಗೆ ನೈವೇದ್ಯ ಇಡುತ್ತಿರುವವನು ದೊರೆಯೇ. ನೂರಾರು ದೇವಸ್ಥಾನಗಳಲ್ಲಿ ದಿನಾ ಅವನೊಬ್ಬನೇ ಪೂಜೆ ಮಾಡುವುದು ಆಗದ ಮಾತು. ಮಾಡುತ್ತಿದ್ದವರು ಪೂಜಾರಿಗಳು. ಆದರೆ ಬೆಳಗ್ಗೆ ಗರ್ಭಗುಡಿಯ ಬಾಗಿಲು ತೆಗೆಯುವಾಗ ಪೂಜಾರಿ ಹೇಳಬೇಕಾದ ಮಾತೊಂದಿತ್ತು: ದೇವರನ್ನು ನೋಡಲು ನನ್ನನ್ನು ಕಳಿಸಿದವನು ದೊರೆ. ಕೈ ಪೂಜಾರಿಯದು, ಲೆಕ್ಕ ದೊರೆಯದು. ದೇವರ ಮುಂದೆ ಇಟ್ಟ ರೊಟ್ಟಿ, ಮಾಂಸ, ಬಿಯರ್ ಅಲ್ಲೇ ಉಳಿಯುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಪೂಜಾರಿಗಳಿಗೆ, ದೇವಸ್ಥಾನದ ಕೆಲಸಗಾರರಿಗೆ ಹಂಚಿಕೆಯಾಗುತ್ತಿತ್ತು. ಪ್ರಸಾದ ಅಂದರೆ ನಮಗೆ ಬೇಗ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಅದೇ ಸಂಬಳ.

ಸತ್ತವರಿಗೂ ಪಾಲಿತ್ತು. ಸಾಮಾನ್ಯ ಅಧಿಕಾರಿಯೊಬ್ಬನ ಗೋರಿಯ ಕಲ್ಲಿನ ಮೇಲೂ ಮೊದಲ ಸಾಲು ಹೆಚ್ಚುಕಡಿಮೆ ಒಂದೇ: ‘ಹೊತೆಪ್ ದಿ ನಿಸು’, ಅಂದರೆ ‘ದೊರೆ ಕೊಡುವ ನೈವೇದ್ಯ’. ಅದರ ಹಿಂದೆಯೇ ಪಟ್ಟಿ: ಸಾವಿರ ರೊಟ್ಟಿ, ಸಾವಿರ ಗಡಿಗೆ ಬಿಯರ್, ಎತ್ತು, ಹಕ್ಕಿ, ಬಟ್ಟೆ. ಮನೆಯವರು ತಂದಿಟ್ಟ ತುತ್ತು ಕೂಡ ದೊರೆಯ ಹೆಸರಿನಲ್ಲೇ ಸತ್ತವನನ್ನು ತಲುಪಬೇಕು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಇದನ್ನೇ ಕಲ್ಲಿನಲ್ಲಿ ಕೆತ್ತಿಸಿಕೊಂಡರು. ದೊರೆ ಅಂದರೆ ಅವರ ಮನಸ್ಸಿನಲ್ಲಿ ಏನಿತ್ತು ಅಂತ ತಿಳಿಯಲು ನನಗೆ ಯುದ್ಧದ ಚಿತ್ರಗಳಿಗಿಂತ ಈ ಒಂದು ಸಾಲೇ ಜಾಸ್ತಿ ಹೇಳುತ್ತದೆ.

ಯುದ್ಧ ಇರಲಿಲ್ಲ ಅಂತಲ್ಲ. ಕ್ರಿ.ಪೂ. 3100ರ ಸುಮಾರಿನ ನಾರ್ಮರ್ ಫಲಕದಿಂದ ಹಿಡಿದು ರೋಮನ್ನರ ಕಾಲದವರೆಗೂ ದೊರೆ ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತಿರುವ ಚಿತ್ರ ಒಂದೇ ಥರ. ಗದೆ ಎತ್ತಿದ್ದೂ ಮಆತ್‌ನ ಲೆಕ್ಕಕ್ಕೇ. ಆ ಫಲಕದಲ್ಲಿ ನನ್ನ ಕಣ್ಣು ಹೋಗುವುದು ದೊರೆಯ ಹಿಂದೆ ನಿಂತ ಪುಟ್ಟ ಆಳಿನ ಕಡೆಗೆ. ಅವನ ಕೈಯಲ್ಲಿ ದೊರೆಯ ಚಪ್ಪಲಿ ಇದೆ.

ಮೊಳ, ಅಂಗೈ, ಬೆರಳು

ದೊರೆಗಳ ವರ್ಷವಾರು ದಾಖಲೆ ಇರುವ ಒಂದು ಕಪ್ಪು ಕಲ್ಲು ಇಟಲಿಯ ಪಲೆರ್ಮೋದಲ್ಲಿದೆ. ಪಲೆರ್ಮೋ ಕಲ್ಲು ಅಂತಲೇ ಅದರ ಹೆಸರು. ಅದರಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಚೌಕ. ಈ ವರ್ಷ ಇಂಥ ಹಬ್ಬ, ಈ ವರ್ಷ ದನಗಳ ಎಣಿಕೆ, ಹೀಗೆ. ಎಷ್ಟೋ ಚೌಕಗಳ ಅಡಿಯಲ್ಲಿ ಒಂದು ಅಳತೆ ಇದೆ: ಇಷ್ಟು ಮೊಳ, ಇಷ್ಟು ಅಂಗೈ, ಇಷ್ಟು ಬೆರಳು. ಅದು ಆ ವರ್ಷ ನೈಲ್ ಏರಿದ ಎತ್ತರ. ಗೆದ್ದ ಯುದ್ಧದ ಜೊತೆಗೇ ಬೆರಳಿನಷ್ಟು ನೀರಿನ ಲೆಕ್ಕ! ನೀರು ಎಷ್ಟು ಏರಿತು ಅಂತ ಗೊತ್ತಾದರೆ ಬೆಳೆ ಎಷ್ಟು ಬರುತ್ತದೆ, ಎಷ್ಟು ಕಂದಾಯ ಕೇಳಬಹುದು ಅಂತ ಅಂದಾಜು ಸಿಗುತ್ತದೆ. ಕಡಿಮೆಯಾದರೆ ಬರ, ಜಾಸ್ತಿಯಾದರೆ ಊರೇ ಕೊಚ್ಚಿಕೊಂಡು ಹೋಗುತ್ತದೆ.

ಕಂದಾಯ ದವಸದ ರೂಪದಲ್ಲಿ ಬರುತ್ತಿತ್ತು. ನಾಣ್ಯ ಇರಲಿಲ್ಲ. ಬಂದ ದವಸ ಕಣಜಕ್ಕೆ, ಕಣಜದಿಂದ ಕೆಲಸಗಾರರಿಗೆ. ಪಿರಮಿಡ್ ಎದ್ದು ನಿಂತಿದ್ದು ಈ ಲೆಕ್ಕದ ಮೇಲೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಪಿಯರ್ ತಾಲೆ ಎಂಬ ಫ್ರೆಂಚ್ ತಜ್ಞರ ತಂಡಕ್ಕೆ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೇ ಕಾಗದದ ಚೂರುಗಳು ಸಿಕ್ಕವು. ಬರಹ ಇರುವ ಪಪೈರಸ್‌ಗಳಲ್ಲೇ ಅತ್ಯಂತ ಹಳೆಯವು. ಅದರಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿ ಇದೆ. ಸುಮಾರು 40 ಜನರ ತಂಡ ಅವನದು. ತೂರಾದ ಗಣಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಗೆ ಹೇರಿ ಖುಫುವಿನ ಪಿರಮಿಡ್‌ಗೆ ಸಾಗಿಸುವುದು ಕೆಲಸ. ಇವತ್ತು ಕಲ್ಲು ಹೇರಿದೆವು, ಇವತ್ತು ಹೊರಟೆವು, ಇವತ್ತು ರಾತ್ರಿ ಇಂಥಲ್ಲಿ ತಂಗಿದೆವು. ಇಷ್ಟೇ, ಯಾವ ಭಾವುಕತೆಯೂ ಇಲ್ಲ. ಜೊತೆಗೆ ಸಿಕ್ಕ ಚೂರುಗಳಲ್ಲಿ ಪಡಿಯ ಲೆಕ್ಕ: ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಬಾಕಿ. ‘ಬಾಕಿ’ ಅನ್ನುವ ಕಾಲಂ ಆಗಲೂ ಇತ್ತು ಅನ್ನುವುದು ನನಗೆ ಯಾಕೋ ತುಂಬ ಹಿಡಿಸಿತು.

ಹಾಗಂತ ಅದು ಸುಖದ ನೌಕರಿ ಅಂದುಕೊಳ್ಳಬೇಡಿ. ಕರೆದಾಗ ಬರಲೇಬೇಕಿದ್ದ ಬಿಟ್ಟಿ ದುಡಿಮೆ ಅಲ್ಲಿತ್ತು. ಕ್ರಿ.ಪೂ. 19ನೇ ಶತಮಾನದ ಹೊತ್ತಿನ ಒಂದು ಪಪೈರಸ್‌ನಲ್ಲಿ ಆ ದುಡಿಮೆಯಿಂದ ಓಡಿಹೋದವರ ಪಟ್ಟಿಯೇ ಇದೆ. ಓಡಿಹೋದವನು ಸಿಗುವ ತನಕ ಅವನ ಮನೆಯವರನ್ನು ಕೂಡಿಹಾಕುತ್ತಿದ್ದರು. ಸತ್ತ ಮೇಲೂ ಬಿಡುಗಡೆ ಇಲ್ಲ ಅನ್ನುವ ಭಯ ಜನಕ್ಕೆ. ಗೋರಿಯಲ್ಲಿ ಶಬ್ತಿ ಎಂಬ ಪುಟ್ಟ ಗೊಂಬೆಗಳನ್ನು ಇಡುತ್ತಿದ್ದುದು ಅದಕ್ಕೇ. ಪರಲೋಕದಲ್ಲಿ ಹೊಲದ ಕೆಲಸಕ್ಕೆ ಕೂಗಿದರೆ ‘ನಾನಿದ್ದೇನೆ’ ಅಂತ ಗೊಂಬೆ ಉತ್ತರ ಕೊಡಬೇಕು. ತುತಾಂಖಾಮುನ್ ಗೋರಿಯಲ್ಲಿ ಸಿಕ್ಕ ಶಬ್ತಿಗಳು 413. ದೊರೆಗೇ ಅಷ್ಟು ಹೆದರಿಕೆ ಇದ್ದ ಮೇಲೆ ಆಳುಕಾಳುಗಳ ಪಾಡೇನು!

ಈ ವ್ಯವಸ್ಥೆ ಎಷ್ಟು ಆಳಕ್ಕೆ ಇಳಿದಿತ್ತು ಅನ್ನುವುದಕ್ಕೆ ಒಂದು ಪತ್ರ ನೋಡಿ. 2ನೇ ಪೆಪಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಅವನ ಅಧಿಕಾರಿ ಹರ್ಖುಫ್ ದಕ್ಷಿಣದ ನಾಡುಗಳಿಗೆ ಹೋದವನು ಅಲ್ಲಿಂದ ಕುಣಿಯುವ ಒಬ್ಬ ಕುಳ್ಳನನ್ನು ಕರೆತರುತ್ತಿದ್ದೇನೆ ಅಂತ ಬರೆದ. ಹುಡುಗ ದೊರೆಗೆ ತಡೆಯಲಾಗದಷ್ಟು ಕುತೂಹಲ. ಬೇಗ ಬಾ, ಅವನು ದೋಣಿಯಿಂದ ನೀರಿಗೆ ಬೀಳದ ಹಾಗೆ ಎರಡೂ ಕಡೆ ಜನ ನಿಲ್ಲಿಸು, ರಾತ್ರಿ ಹತ್ತು ಸಲ ಎದ್ದು ನೋಡಿಕೊಳ್ಳಲಿ, ಗಣಿಗಳ ಸಂಪತ್ತಿಗಿಂತ ನನಗೆ ಅವನನ್ನು ನೋಡುವುದೇ ಹೆಚ್ಚು, ಅಂತ ಉತ್ತರ ಬಂತು. ಹರ್ಖುಫ್ ಆ ಪತ್ರವನ್ನು ಪೂರ್ತಿಯಾಗಿ ಅಸ್ವಾನ್‌ನ ತನ್ನ ಗೋರಿಯ ಮುಂಗೋಡೆಯ ಮೇಲೆ ಕೆತ್ತಿಸಿಕೊಂಡ. ಓದಿದವರೆಲ್ಲ ಕುಳ್ಳನ ಕತೆ ನೆನಪಿಟ್ಟುಕೊಳ್ಳುತ್ತಾರೆ. ಪತ್ರದ ಕೊನೆ ಮಾತ್ರ ಬೇರೆ ಥರ: ದಾರಿಯಲ್ಲಿರುವ ಉಗ್ರಾಣಗಳು, ದೇವಸ್ಥಾನಗಳು ಹರ್ಖುಫ್‌ಗೆ ಊಟದ ಸಾಮಾನು ಕೊಡಬೇಕು ಅಂತ ಆಜ್ಞೆ. ಕುಳ್ಳನ ಕುಣಿತ ನೋಡಬೇಕಾದರೂ ಪಡಿಚೀಟಿ ಬರೆಯಲೇಬೇಕು.

ಪೆಪಿ ಬಹಳ ವರ್ಷ ಬದುಕಿದ. ಅವನ ನಂತರ ಸ್ವಲ್ಪ ಕಾಲಕ್ಕೆ ಆ ಹಳೆಯ ರಾಜ್ಯ ಮುರಿದು ಬಿತ್ತು. ಹವಾಮಾನ ಬದಲಾಗಿ ನೈಲ್ ಸರಿಯಾಗಿ ಉಕ್ಕದೇ ಇದ್ದದ್ದು ಒಂದು ಕಾರಣ, ಊರೂರಿನ ಅಧಿಕಾರಿಗಳು ಬೆಳೆದು ನಿಂತಿದ್ದು ಇನ್ನೊಂದು. ಯಾವುದಕ್ಕೆ ಎಷ್ಟು ತೂಕ ಅಂತ ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ. ನನಗೆ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. ಲಕ್ಸರ್‌ನ ದಕ್ಷಿಣಕ್ಕಿರುವ ಮೊಅಲ್ಲಾದಲ್ಲಿ ಅಂಖ್ತಿಫಿ ಎಂಬ ಪಾಳೆಗಾರನ ಗೋರಿ ಇದೆ. ಹಸಿವಿಗೆ ಜನ ತಮ್ಮ ಮಕ್ಕಳನ್ನೇ ತಿನ್ನುವ ಹಾಗಾಗಿತ್ತು, ನನ್ನ ಸೀಮೆಯಲ್ಲಿ ಮಾತ್ರ ಒಬ್ಬನೂ ಹಸಿವಿನಿಂದ ಸಾಯಲು ಬಿಡಲಿಲ್ಲ ಅಂತ ಅವನು ಬರೆಸಿಕೊಂಡಿದ್ದಾನೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಗೋರಿಯ ತುಂಬ ಅವನದೇ ಹೊಗಳಿಕೆ. ದೊರೆಯ ಹೆಸರು ಇರುವುದು ಒಂದೇ ಕಡೆ, ಅದೂ ನದಿ ಚೆನ್ನಾಗಿ ಉಕ್ಕಲಿ ಅನ್ನುವ ಹಾರೈಕೆಯಲ್ಲಿ. ಅನ್ನ ಹಾಕಿದವನೇ ಇಲ್ಲಿ ಧಣಿ. ದೊರೆ ಬರೀ ಒಂದು ಸಾಲು.

ನೂರೈವತ್ತು ವರ್ಷ ಕಳೆಯುವ ಹೊತ್ತಿಗೆ ದೇಶ ಮತ್ತೆ ಒಂದಾಯಿತು. ಹೊಸ ಮನೆತನ ಕಟ್ಟಿದ 1ನೇ ಅಮೆನೆಮ್ಹಾತ್‌ನ ಬಾಯಲ್ಲಿ ಹೇಳಿಸಿದ ಒಂದು ಬರಹ ಇದೆ. ಸತ್ತ ಅಪ್ಪ ಮಗನಿಗೆ ಬುದ್ಧಿ ಹೇಳುವ ಧಾಟಿ. ನಾನು ಧಾನ್ಯ ಬೆಳೆಸಿದೆ, ನನ್ನ ಕಾಲದಲ್ಲಿ ಯಾರೂ ಹಸಿದಿರಲಿಲ್ಲ ಅನ್ನುತ್ತಾನೆ. ರಾತ್ರಿ ಊಟ ಮುಗಿಸಿ ಮಲಗಿದ್ದಾಗ ಅವನ ಕಾವಲಿನವರೇ ಅವನ ಮೇಲೆ ಬಿದ್ದರು. ಅವನ ಸಂಕಟ ಇಷ್ಟೇ: ನನ್ನ ಅನ್ನ ಉಂಡವನೇ ನನ್ನ ಮೇಲೆ ಕೈಮಾಡಿದ. ಉಂಡ ಮನೆಗೆ ಎರಡು ಬಗೆಯುವುದು ಅನ್ನುತ್ತೇವಲ್ಲ, ಅದೇ. ದೇವರಂಥ ದೊರೆ ತನ್ನ ಕೊಲೆಯನ್ನು ದೈವದ್ರೋಹ ಅನ್ನಲಿಲ್ಲ, ಅನ್ನದ್ರೋಹ ಅಂದ.

ಜುಟ್ಟಿಗೆ ಮಲ್ಲಿಗೆ

ದೊರೆಯ ಪಟ್ಟ ಒಂದು ಹುದ್ದೆ, ಅದರಲ್ಲಿ ಕೂರುವವರು ಬದಲಾಗುತ್ತಾರೆ ಅನ್ನುವುದಕ್ಕೆ ಹತ್ಶೆಪ್ಸುತ್ ಸಾಕ್ಷಿ. ಕ್ರಿ.ಪೂ. 15ನೇ ಶತಮಾನದಲ್ಲಿ ಸುಮಾರು ಎರಡು ದಶಕ ಆಳಿದ ಈ ಹೆಂಗಸು ಶಿಲ್ಪಗಳಲ್ಲಿ ಕಟ್ಟಿದ ಗಡ್ಡ ಇಟ್ಟುಕೊಂಡು, ಗಂಡಸರ ಪಂಚೆಯಲ್ಲಿ ನಿಂತಿದ್ದಾಳೆ. ಹುದ್ದೆಗೆ ಒಂದು ಯೂನಿಫಾರ್ಮ್ ಇತ್ತು, ಹಾಕಿಕೊಂಡಳು. ಅಷ್ಟೇ.

ಆ ಹುದ್ದೆಯನ್ನು ತಲೆಕೆಳಗು ಮಾಡಲು ಹೊರಟವನು ಅಖೆನಾತನ್. ಕ್ರಿ.ಪೂ. 14ನೇ ಶತಮಾನದ ನಡುವಿನಲ್ಲಿ ಅಮುನ್ ದೇವರ ಪೂಜೆಗೆ ಕಲ್ಲು ಹಾಕಿ, ಸೂರ್ಯಬಿಂಬ ಅತೆನ್ ಒಂದೇ ದೇವರು ಅಂತ ಅಮರ್ನಾದಲ್ಲಿ ಹೊಸ ರಾಜಧಾನಿ ಕಟ್ಟಿದ. ಅಲ್ಲಿನ ದೊಡ್ಡ ದೇವಸ್ಥಾನದಲ್ಲಿ ಬಿಸಿಲಿಗೆ ತೆರೆದ ನೂರಾರು ನೈವೇದ್ಯದ ಕಟ್ಟೆಗಳು ಸಾಲಾಗಿ ಇದ್ದವು. ಗೋಡೆಯ ಚಿತ್ರಗಳಲ್ಲಿ ಅವುಗಳ ಮೇಲೆ ರೊಟ್ಟಿ, ಮಾಂಸ, ಹಣ್ಣು ರಾಶಿ ರಾಶಿ. ಬಿಸಿಲು ಎಂಥದ್ದು ಅಂದರೆ, ಅಸ್ಸೀರಿಯಾದ ದೊರೆ ಪತ್ರ ಬರೆದು ತಕರಾರು ತೆಗೆದ: ನಮ್ಮ ದೂತರನ್ನು ಯಾಕಪ್ಪಾ ಬಿಸಿಲಲ್ಲಿ ನಿಲ್ಲಿಸಿ ಸಾಯಿಸ್ತೀರಿ? ಅದೇ ಪತ್ರದಲ್ಲಿ, ನಿಮ್ಮ ದೇಶದಲ್ಲಿ ಚಿನ್ನ ಮಣ್ಣಿನ ಹಾಗೆ ಬಿದ್ದಿದೆ, ನನಗೆ ಇಷ್ಟೇ ಕಳಿಸೋದಾ ಅಂತಲೂ ಕೇಳಿದ್ದಾನೆ.

ಇತ್ತೀಚಿನ ದಶಕಗಳಲ್ಲಿ ಅಮರ್ನಾದ ಬಡವರ ಸ್ಮಶಾನಗಳನ್ನು ಅಗೆದರು. ಗೋಡೆಯ ಮೇಲಿನ ರಾಶಿಗೂ ಮಣ್ಣಿನ ಕೆಳಗಿನ ಮೂಳೆಗಳಿಗೂ ತಾಳೆಯೇ ಆಗುವುದಿಲ್ಲ. ಮಕ್ಕಳು ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಪೌಷ್ಟಿಕ ಆಹಾರ ಸಿಗದ ಗುರುತು ಮೂಳೆಯಲ್ಲೇ ಕೂತಿದೆ. ಭಾರ ಹೊತ್ತು ಸವೆದ, ಮುರಿದ ಬೆನ್ನುಮೂಳೆಗಳು. ಉತ್ತರದ ಒಂದು ಸ್ಮಶಾನದಲ್ಲಿ ಸಿಕ್ಕವರಲ್ಲಿ ಹೆಚ್ಚಿನವರು 25 ವರ್ಷ ದಾಟಿಲ್ಲ, ಅವರಲ್ಲೂ ಹದಿನೈದರ ಒಳಗಿನವರೇ ಜಾಸ್ತಿ. ಅಖೆನಾತನ್ ಸತ್ತ ಮೇಲೆ ಅವನ ಹೆಸರನ್ನು ಕಲ್ಲುಗಳಿಂದ ಕೆತ್ತಿ ತೆಗೆದರು, ಊರು ಬಿಟ್ಟು ಹೋದರು. ಧರ್ಮ ಬದಲಿಸಿದ್ದಕ್ಕೆ ಜನ ಸಿಟ್ಟಾದರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆ ಮೂಳೆಗಳನ್ನು ನೋಡಿದರೆ ಸಿಟ್ಟಿಗೆ ಬೇರೆ ಕಾರಣವೂ ಇತ್ತು ಅನ್ನಿಸುತ್ತದೆ.

ಈಗ ಮುಖ್ಯ ಕತೆಗೆ ಬರೋಣ. ಲಕ್ಸರ್‌ನ ಎದುರು ದಡದಲ್ಲಿ, ಬೋಳು ಗುಡ್ಡಗಳ ನಡುವೆ, ದೇರ್ ಎಲ್-ಮದೀನಾ ಅನ್ನುವ ಸಣ್ಣ ಊರು. ಗೋಡೆಯ ಒಳಗೆ ಸುಮಾರು 70 ಮನೆ. ದೊರೆಗಳ ಗೋರಿ ಕೊರೆದು ಚಿತ್ರ ಬರೆಯುವ ಕುಶಲಕರ್ಮಿಗಳು ಇರುತ್ತಿದ್ದದ್ದು ಇಲ್ಲಿ. ಹೊಲ ಇಲ್ಲ, ಬಾವಿ ಇಲ್ಲ. ನೀರನ್ನೂ ಕೆಳಗಿನಿಂದ ಕತ್ತೆಗಳ ಮೇಲೆ ತರಬೇಕು. ಒಬ್ಬ ಕೆಲಸಗಾರನಿಗೆ ತಿಂಗಳ ಪಡಿ 4 ಖಾರ್ ಎಮ್ಮರ್ ಗೋಧಿ, ಒಂದೂವರೆ ಖಾರ್ ಬಾರ್ಲಿ. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ. ಒಂದು ಖಾರ್ ಅಂದರೆ ಹತ್ತಿರ ಹತ್ತಿರ 77 ಲೀಟರ್. ಉತ್ತರ ಕರ್ನಾಟಕದಲ್ಲಿ ಸದಕ, ಖಪ್ಲಿ ಅಂತ ಕರೆಯುತ್ತಾರಲ್ಲ, ಅದೇ ಜಾತಿಯ ಗೋಧಿ ಈ ಎಮ್ಮರ್. ಜೊತೆಗೆ ಮೀನು, ತರಕಾರಿ, ಸೌದೆ. ಮನೆ ನಡೆದು ಮಿಕ್ಕಿದ್ದನ್ನು ಕೊಟ್ಟು ಬೇರೆ ಸಾಮಾನು ಕೊಳ್ಳಬಹುದಿತ್ತು. ಒಳ್ಳೆಯ ಕೆಲಸವೇ, ಪಡಿ ಹೊತ್ತಿಗೆ ಬಂದರೆ.

3ನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷ, ಅಂದರೆ ಕ್ರಿ.ಪೂ. 1157ರ ಸುಮಾರು, ಪಡಿ ಬರಲಿಲ್ಲ. ಚಳಿಗಾಲದ ಎರಡನೇ ತಿಂಗಳ 10ನೇ ದಿನ ಕೆಲಸಗಾರರು ಉಪಕರಣ ಕೆಳಗಿಟ್ಟು, ಐದು ಕಾವಲು ಗೋಡೆಗಳನ್ನು ದಾಟಿ ಹೊರಗೆ ಬಂದರು. ‘ಹಸಿವಾಗಿದೆ, 18 ದಿನ ಹೋಯಿತು’ ಅಂದರು. ಹೋಗಿ 3ನೇ ತುತ್‌ಮೋಸ್‌ನ ದೇವಸ್ಥಾನದ ಹಿಂದೆ ಕೂತರು. ಅಧಿಕಾರಿಗಳು ಬಂದು ದೊರೆಯ ಹೆಸರಲ್ಲಿ ಮಾತು ಕೊಟ್ಟರು, ಇವರು ಏಳಲಿಲ್ಲ. ಎರಡು ದಿನ ಬಿಟ್ಟು 2ನೇ ರಾಮ್ಸೆಸ್‌ನ ದೇವಸ್ಥಾನ ರಾಮೆಸಿಯಂ ಒಳಗೇ ನುಗ್ಗಿದರು. ಆ ಜಾಗ ನೋಡಿ. ಆ ದೇವಸ್ಥಾನದ ಹಿಂದೆ ಸಾಲುಸಾಲು ಕಣಜಗಳಿದ್ದವು. ಹಸಿ ಇಟ್ಟಿಗೆಯ ಅವುಗಳ ಕಮಾನುಗಳು ಇವತ್ತಿಗೂ ನಿಂತಿವೆ. ಹಸಿದವರು ಸುಮ್ನೆ ಅಲ್ಲಿಗೆ ಹೋಗಲಿಲ್ಲ.

ಅಲ್ಲಿ ಅವರು ಹೇಳಿದ ಮಾತನ್ನು ಲಿಪಿಕಾರ ಬರೆದಿಟ್ಟ. ಹಸಿವು, ಬಾಯಾರಿಕೆ ನಮ್ಮನ್ನು ಇಲ್ಲಿಗೆ ಕರೆತಂದಿದೆ. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ. ನಮ್ಮ ಒಳ್ಳೆಯ ಒಡೆಯ ಫೇರೋಗೆ ಹೇಳಿ ಕಳಿಸಿ, ನಮ್ಮ ಮೇಲಿರುವ ವಜೀರನಿಗೆ ಹೇಳಿ ಕಳಿಸಿ, ನಮ್ಮ ಹೊಟ್ಟೆಗೆ ದಾರಿ ಮಾಡಲಿ. ದೊರೆಗೆ ಒಂದು ಬೈಗುಳ ಇಲ್ಲ. ಫೇರೋ ಬೇಡ ಅಂತ ಅವರು ಹೇಳುತ್ತಿಲ್ಲ, ಫೇರೋನ ಕೆಲಸ ಮಾಡು ಅನ್ನುತ್ತಿದ್ದಾರೆ. ಅವತ್ತೇ ಹಿಂದಿನ ತಿಂಗಳ ಪಡಿ ಕೈಗೆ ಬಂತು. ನಮಗೆ ಗೊತ್ತಿರುವ ಇತಿಹಾಸದಲ್ಲಿ ಬರಹದಲ್ಲಿ ದಾಖಲಾದ ಮೊದಲ ಮುಷ್ಕರ ಇದು. ಆ ಪಪೈರಸ್ ಈಗ ಇಟಲಿಯ ಟ್ಯೂರಿನ್‌ನಲ್ಲಿದೆ.

ಅಲ್ಲಿಗೆ ಮುಗಿಯಲಿಲ್ಲ. ಪಡಿ ಮತ್ತೆ ತಡವಾಯಿತು, ಮತ್ತೆ ಧರಣಿ. ಒಂದೆರಡು ತಿಂಗಳ ನಂತರ ವಜೀರ ತೋ ಆ ಕಡೆ ಬಂದ. ಯಾಕೆ ಬಂದಿದ್ದ ಗೊತ್ತಾ? ದೊರೆ ಪಟ್ಟಕ್ಕೆ ಬಂದು 30 ವರ್ಷ ತುಂಬುವಾಗ ಮಾಡುವ ‘ಸೆದ್’ ಹಬ್ಬಕ್ಕೆ ದಕ್ಷಿಣದ ದೇವರುಗಳ ಮೂರ್ತಿಗಳನ್ನು ಕರೆದೊಯ್ಯಲು. ದೊರೆಯ ಶಕ್ತಿ ಹೊಸದಾಗುವ ಹಬ್ಬ ಅದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಇಲ್ಲಿಗಲ್ಲದೆ ಇನ್ನೆಲ್ಲಿಗೆ? ವಜೀರ ಊರಿಗೆ ಕಾಲಿಡಲಿಲ್ಲ. ಪೊಲೀಸ್ ಮುಖ್ಯಸ್ಥನ ಕೈಲಿ ಮಾತು ಕಳಿಸಿದ: ನಾನು ಕೊಡುವುದಕ್ಕೆ ನೇಮಕವಾದವನೋ, ಕಿತ್ತುಕೊಳ್ಳುವುದಕ್ಕೋ? ಕಣಜದಲ್ಲೇ ಏನೂ ಇಲ್ಲದ ಪರಿಸ್ಥಿತಿ, ಸಿಕ್ಕಿದ್ದನ್ನು ಕೊಡುತ್ತೇನೆ. ಸಿಕ್ಕಿದ್ದು ಅರ್ಧ ಪಡಿ.

ಈಜಿಪ್ಟಿನ ಅರಬ್ಬಿಯಲ್ಲಿ ರೊಟ್ಟಿಗೆ ‘ಐಶ್’ ಅನ್ನುತ್ತಾರೆ. ಐಶ್ ಅಂದರೆ ಬದುಕು. 1977ರ ಜನವರಿಯಲ್ಲಿ ಸಾದತ್ ಸರ್ಕಾರ ಹಿಟ್ಟು, ರೊಟ್ಟಿಯ ಸಬ್ಸಿಡಿಗೆ ಕೈಹಾಕಿದಾಗ ಎರಡೇ ದಿನದಲ್ಲಿ ದೇಶ ಹೊತ್ತಿ ಉರಿಯಿತು, ಆದೇಶ ವಾಪಸ್ ಬಂತು. 2011ರಲ್ಲಿ ತಹ್ರೀರ್ ಚೌಕದ ಘೋಷಣೆಯಲ್ಲಿ ಮೊದಲ ಪದವೇ ಐಶ್. 2024ರ ಜೂನ್ 1ರಿಂದ ಸಬ್ಸಿಡಿ ರೊಟ್ಟಿಯ ಬೆಲೆ 5 ಪಿಯಾಸ್ಟರ್‌ನಿಂದ 20ಕ್ಕೆ ಏರಿತು, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮೊದಲ ಸಲ. ಆಗಿನ ದೊರೆಗೂ ಈಗಿನ ಸರ್ಕಾರಕ್ಕೂ ನೇರ ಗೆರೆ ಎಳೆಯುವುದು ತಪ್ಪು. ನಡುವೆ ಗ್ರೀಕರು, ರೋಮನ್ನರು, ಅರಬರು, ತುರ್ಕರು, ಬ್ರಿಟಿಷರು ಬಂದು ಹೋಗಿದ್ದಾರೆ. ಆದರೂ ಆ ನದಿಯ ದಡದಲ್ಲಿ ಆಳುವವನನ್ನು ಅಳೆಯುವ ಸೇರು ಅಷ್ಟೇನೂ ಬದಲಾದ ಹಾಗೆ ಕಾಣುವುದಿಲ್ಲ.

ಕತ್ತೆಕಿರುಬದ ವರ್ಷ

3ನೇ ರಾಮ್ಸೆಸ್‌ನ ಕೊನೆ ಕೆಟ್ಟದಾಗಿತ್ತು. ಮುಷ್ಕರ ಆಗಿ ಎರಡು ಮೂರು ವರ್ಷಕ್ಕೆ ಅವನ ಕಿರಿಯ ರಾಣಿ ತಿಯೆ ತನ್ನ ಮಗನಿಗೆ ಪಟ್ಟ ಕಟ್ಟಿಸಲು ಅರಮನೆಯೊಳಗೇ ಸಂಚು ಹೂಡಿದಳು. ವಿಚಾರಣೆಯ ಪಪೈರಸ್ ಉಳಿದಿದೆ. ದೊರೆ ಉಳಿದನೋ ಸತ್ತನೋ ಅಂತ ಬಹಳ ಕಾಲ ವಾದ ನಡೆಯುತ್ತಿತ್ತು. 2012ರಲ್ಲಿ ಮಮ್ಮಿಯ ಸಿಟಿ ಸ್ಕ್ಯಾನ್ ವರದಿ ಬಂತು. ಗಂಟಲನ್ನು ಮೂಳೆ ಮುಟ್ಟುವಷ್ಟು ಆಳಕ್ಕೆ ಕೊಯ್ದಿದ್ದರು. ಗಾಯದೊಳಗೆ ಹೋರಸ್ ದೇವರ ಕಣ್ಣಿನ ತಾಯಿತ ಇಟ್ಟು, ಮೇಲೆ ದಪ್ಪಗೆ ಬಟ್ಟೆ ಸುತ್ತಿದ್ದರು. ಇನ್ನೂ ತಮಾಷೆ ಏನು ಅಂದರೆ, ಆ ಸಂಚಿನ ವಿಚಾರಣೆಗೆ ಕೂತ ನ್ಯಾಯಾಧೀಶರಲ್ಲೇ ಕೆಲವರು ಆರೋಪಿ ಹೆಂಗಸರ ಜೊತೆ ಕುಡಿದು ಕೂತು ಸಿಕ್ಕಿಬಿದ್ದರು. ಅವರ ಮೂಗು, ಕಿವಿ ಹೋಯಿತು. 2021ರ ಮೆರವಣಿಗೆಯಲ್ಲಿ ಈ 3ನೇ ರಾಮ್ಸೆಸ್ ಕೂಡ ಇದ್ದ. ತೋಪು ಅವನಿಗೂ ಹಾರಿತು.

ಅದೇ ಮೆರವಣಿಗೆಯ ಕೊನೆಯ ಗಾಡಿ 9ನೇ ರಾಮ್ಸೆಸ್‌ನದು. ಅವನ 16ನೇ ವರ್ಷದಲ್ಲಿ ದೊರೆಗಳ ಗೋರಿ ಕಳ್ಳತನದ ದೊಡ್ಡ ವಿಚಾರಣೆ ನಡೆಯಿತು. ಕಲ್ಲು ಒಡೆಯುವ ಅಮೆನ್‌ಪನೆಫೆರ್ ಏಟು ತಿಂದು ಒಪ್ಪಿಕೊಂಡ. ನಾನೂರಕ್ಕೂ ಹೆಚ್ಚು ವರ್ಷದ ಹಿಂದೆ ಸತ್ತ ಸೊಬೆಕೆಮ್ಸಾಫ್ ದೊರೆಯ ಗೋರಿಗೆ ಸುರಂಗ ಕೊರೆದರು. ದೊರೆ ಮಲಗಿದ್ದ, ಕತ್ತಿನ ಸುತ್ತ ಚಿನ್ನದ ತಾಯಿತಗಳು, ಮುಖದ ಮೇಲೆ ಚಿನ್ನ. ಎಲ್ಲ ಕಿತ್ತುಕೊಂಡು ಶವಪೆಟ್ಟಿಗೆಗೆ ಬೆಂಕಿ ಇಟ್ಟರು. 160 ದೆಬೆನ್ ಚಿನ್ನ, ಅಂದರೆ ಹದಿನಾಲ್ಕು ಕಿಲೋಗೂ ಜಾಸ್ತಿ. ಎಂಟು ಜನ, ತಲೆಗೆ 20. ಒಮ್ಮೆ ಸಿಕ್ಕಿಬಿದ್ದಾಗ ಅಮೆನ್‌ಪನೆಫೆರ್ ತನ್ನ 20 ದೆಬೆನ್ ಅನ್ನು ಅಲ್ಲಿನ ಲಿಪಿಕಾರನಿಗೆ ಕೊಟ್ಟು ಬಿಡಿಸಿಕೊಂಡು ಬಂದ. ಗೆಳೆಯರು ಅವನ ನಷ್ಟ ತುಂಬಿಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯುವುದು ಹೊಸ ವಿದ್ಯೆಯಲ್ಲ. ಲ್ಯಾಬಿನಿಂದ ಹೋದ ಬಳೆಯ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದವನು ಇವನೇ.

ದುರಾಸೆ ಅಂದು ಮುಗಿಸಬಹುದು. ಆದರೆ ಆ ಕಾಲದ ದೇರ್ ಎಲ್-ಮದೀನಾದ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುವುದು ತಡವಾದ ಪಡಿ, ಏರಿದ ದವಸದ ಬೆಲೆ. ಜೀವಂತ ದೊರೆಯ ಕಣಜದಿಂದ ಬರಬೇಕಾದ್ದು ಬರದೇ ಇದ್ದಾಗ, ಸತ್ತ ದೊರೆಗಳ ಗೋರಿಯಲ್ಲಿ ಏನಿದೆ ಅಂತ ಚೆನ್ನಾಗಿ ಗೊತ್ತಿದ್ದವರು ಅದನ್ನು ಕೊರೆದವರ ಮಕ್ಕಳು, ಮೊಮ್ಮಕ್ಕಳೇ.

ಸ್ವಲ್ಪ ಕಾಲದ ನಂತರ, 11ನೇ ರಾಮ್ಸೆಸ್‌ನ ಆಳ್ವಿಕೆಯಲ್ಲಿ, ಇನ್ನೊಂದು ವಿಚಾರಣೆ. ಕಳ್ಳರ ಮನೆಯವರನ್ನೂ ಸಾಲಾಗಿ ಕರೆಸಿ ಕೇಳುತ್ತಿದ್ದಾರೆ. ಒಬ್ಬ ಹೆಂಗಸಿನ ಹತ್ತಿರ ಬೆಳ್ಳಿ ಇತ್ತು. ಎಲ್ಲಿಂದ ಬಂತು ಅಂತ ಕೇಳಿದರು. ಅವಳು ಅಂದಳು: ಬಾರ್ಲಿ ಕೊಟ್ಟು ತಗೊಂಡದ್ದು, ಕತ್ತೆಕಿರುಬದ ವರ್ಷದಲ್ಲಿ, ಜನ ಹಸಿದಿದ್ದರಲ್ಲ, ಆಗ.